ಬಂಟಿಯನ್ನು ಬಿಟ್ಟು ಬಂದ ಜಾಗ: 5ಕ್ಕೆ 4

ಮೊದಲೇ ಹೇಳಿಬಿಡುತ್ತೇನೆ. ಸಾಕಲಾಗದ ನಾಯಿಗೆ ಬೇರೆ ಮನೆ ಹುಡುಕಿಕೊಡುವ ಜಾಗ ಅದು, ಆದರೆ ಇಲ್ಲಿ ಅದರ ಹೆಸರೂ ಇಲ್ಲ, ನಂಬರೂ ಇಲ್ಲ. ನಡೆಸುವವರೇ ಬೇಡ ಅಂದರು. ಹಿಂದೆ ಯಾರೋ ಒಬ್ಬರು ವಿಳಾಸ ಹಾಕಿದ್ದರಂತೆ. ಆ ತಿಂಗಳೇ ರಾತ್ರೋರಾತ್ರಿ ಗೇಟಿಗೆ ನಾಲ್ಕು ನಾಯಿ ಕಟ್ಟಿ ಹೋಗಿದ್ದರಂತೆ. ಅದರಲ್ಲಿ ಒಂದರ ಕೊರಳಿಗೆ ಲಸಿಕೆ ಪುಸ್ತಕವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಟ್ಟಿದ್ದರು, ಯಜಮಾನರ ಹೆಸರಿದ್ದ ಪುಟ ಮಾತ್ರ ಹರಿದಿತ್ತು. ಹಾಗಾಗಿ ಶಿರಸಿಯಿಂದ ಹುಲೇಕಲ್ ಕಡೆ ಹೋಗುವ ದಾರಿಯಲ್ಲಿದೆ ಅಂತಷ್ಟೇ ಹೇಳುತ್ತೇನೆ. ನಿಜವಾಗಿ ಬೇಕಾದವರು ತಮ್ಮ ನಾಯಿಗೆ ಲಸಿಕೆ ಹಾಕುವ ಡಾಕ್ಟರನ್ನು ಕೇಳಿ ನೋಡಿ. ನನಗೂ ಹಾಗೇ ಗೊತ್ತಾಯಿತು.

ನಾನು ಕಾರವಾರದವಳು. ಕಾಜುಬಾಗದಲ್ಲಿ ಬಾಡಿಗೆ ಮನೆ, ಮೊದಲ ಮಹಡಿ. ಔಷಧಿ ಅಂಗಡಿಯಲ್ಲಿ ಕೆಲಸ. ಗಂಡನ ಕೆಲಸ ಗೋವಾದಲ್ಲಿ, ಶನಿವಾರ ರಾತ್ರಿ ಬಂದು ಸೋಮವಾರ ನಸುಕಿಗೆ ಹೊರಡುತ್ತಾರೆ. 2021ರಲ್ಲಿ ಮಗಳ ಹಟಕ್ಕೆ ಹುಬ್ಬಳ್ಳಿಯಿಂದ ಲ್ಯಾಬ್ರಡಾರ್ ಮರಿ ತಂದೆವು. 9,000 ರೂಪಾಯಿ. ಬಂಟಿ ಅಂತ ಹೆಸರಿಟ್ಟೆವು. ಹಟ ಮಾಡಿದವಳು ಎರಡೇ ವರ್ಷಕ್ಕೆ ಓದಲು ಹಾಸ್ಟೆಲ್ ಸೇರಿದಳು. ಬೆಳಗ್ಗೆ ಅರ್ಧ ಗಂಟೆ ಟಾಗೋರ್ ಬೀಚಿನಲ್ಲಿ ತಿರುಗಾಟ. ಉಳಿದ ಹೊತ್ತೆಲ್ಲ ಬಂಟಿ, ಅತ್ತೆ ಮತ್ತು ಟಿವಿ. ಅತ್ತೆ ದಿನಾ ಮಧ್ಯಾಹ್ನ ಬಂಗುಡೆ ತಲೆ ಬೇಯಿಸಿ, ಮುಳ್ಳು ಬಿಡಿಸಿ, ಅನ್ನ ಕಲಸಿ ಹಾಕುತ್ತಿದ್ದರು. ಬಂಟಿ 41 ಕೆಜಿ ಆದ.

2025ರ ಫೆಬ್ರವರಿಯಲ್ಲಿ ಒಂದು ದಿನ ಗ್ಯಾಸಿನವನು ಬೆಲ್ ಒತ್ತಿದ. ಬಂಟಿ ಬಾಗಿಲಿಗೆ ಓಡಿದ. ನಡುವೆ ಅತ್ತೆ ನಿಂತಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ವಾಕರ್ ಬಂತು. ಇನ್ನೊಮ್ಮೆ ಬಿದ್ದರೆ ಕಷ್ಟ ಅಂತ ಡಾಕ್ಟರು ನನ್ನ ಮುಖ ನೋಡಿಯೇ ಹೇಳಿದರು.

ನಾಯಿಯನ್ನು ಯಾರಿಗಾದರೂ ಕೊಡಬೇಕು ಅಂತ ವಾಟ್ಸಾಪ್ ಸ್ಟೇಟಸ್ ಹಾಕಿದೆ. ಒಂದೇ ಸಂಜೆಗೆ ಹನ್ನೊಂದು ಜನ ಕೇಳಿದರು. ಒಬ್ಬರಿಗೆ ಗೇರು ತೋಟ ಕಾಯಲು ಬೇಕಿತ್ತು. ಇಬ್ಬರಿಗೆ ಮರಿ ಹಾಕಿಸಲು. ಒಬ್ಬ ಹುಡುಗ ‘ಫ್ರೀ ಅಲ್ವಾ ಮೇಡಂ?’ ಅಂತ ಮಾತ್ರ ಕೇಳಿದ, ಗಂಡೋ ಹೆಣ್ಣೋ ಅಂತಲೂ ಕೇಳಲಿಲ್ಲ. ಕೆಳಗಿನ ಮನೆಯವರ ಸಲಹೆ ಇನ್ನೂ ಸುಲಭದ್ದು. ‘ಬೈತಖೋಲ ಬಂದರಿನಲ್ಲಿ ಬಿಟ್ಟುಬಿಡಿ, ಮೀನು ತಿಂದು ಬದುಕತ್ತೆ.’ ಬಂದರಿನ ನಾಯಿಗಳಿಗೆ ಅವುಗಳದೇ ಗಡಿ ಇರುತ್ತದೆ. ಸೋಫಾ ಮೇಲೆ ಮಲಗಿ ಬೆಳೆದ ಬಂಟಿ ಅಲ್ಲಿ ಎರಡು ದಿನ ಬದುಕುವುದೂ ಕಷ್ಟವಿತ್ತು. ಸಾಕಿದ ಪ್ರಾಣಿಯನ್ನು ಹಸಿವಿಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಕ್ರೌರ್ಯ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತಾ? 10ರಿಂದ 50 ರೂಪಾಯಿ. ಮಳೆಗಾಲದಲ್ಲಿ ಆ ದುಡ್ಡಿಗೆ ನಾಲ್ಕು ಬಂಗುಡೆಯೂ ಬರುವುದಿಲ್ಲ.

ಅಂಥ ಹೊತ್ತಲ್ಲಿ ಬಂಟಿಗೆ ಲಸಿಕೆ ಹಾಕುವ ಡಾಕ್ಟರು ಈ ಶಿರಸಿಯವರ ನಂಬರ್ ಕೊಟ್ಟರು. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಊರಿಗೆ ಹೋಗುವವರ ನಾಯಿಗಳನ್ನು ದಿನಕ್ಕಿಷ್ಟು ಅಂತ ಇಟ್ಟುಕೊಳ್ಳುವುದು ಮುಖ್ಯ ಕೆಲಸ. ಜೊತೆಗೆ ಸಾಕಲಾಗದವರ ನಾಯಿಗೆ ಬೇರೆ ಮನೆ ಹುಡುಕಿಕೊಡುತ್ತಾರೆ. ಹೆಂಡತಿಯನ್ನು ನಾನು ಅಕ್ಕ ಅನ್ನುತ್ತೇನೆ. ಫೋನಿನಲ್ಲಿ ಅಕ್ಕ ಕೇಳಿದ ಮೊದಲ ಪ್ರಶ್ನೆಯೇ ನನಗೆ ಚುಚ್ಚಿತು. ‘ನಾಯಿ ಬಿಡೋದು ಬಿಟ್ಟು ಬೇರೆ ಏನೇನು ಪ್ರಯತ್ನ ಮಾಡಿದ್ರಿ?’ ಬಾಗಿಲಿಗೆ ಅಡ್ಡ ಗೇಟು ಹಾಕಿದ್ರಾ, ಹಗಲು ನೋಡಿಕೊಳ್ಳಲು ಜನ ಸಿಗ್ತಾರಾ, ಗಂಡ ಗೋವಾಕ್ಕೆ ಕರೆದೊಯ್ಯಬಹುದಾ? ಹತ್ತು ನಿಮಿಷ ವಿಚಾರಣೆ. ದುಡ್ಡು ಕೊಡುವವಳು ನಾನು, ಇವರೇನು ಪೊಲೀಸರಾ ಅನ್ನಿಸಿತು. ಗೇಟು ಹಾಕಿ ಹದಿನೈದು ದಿನ ನೋಡಿ, ಆಮೇಲೆ ಫೋನ್ ಮಾಡಿ ಅಂದರು. ಹಾಕಿಸಿದೆ. ಬಂಟಿ ಮೂರನೇ ದಿನವೇ ಹಾರಿದ. ಆದರೂ ಹದಿನೈದು ದಿನ ಕಾದೇ ಫೋನ್ ಮಾಡಿದೆ.

ಆಗ ನಾಲ್ಕು ಪುಟದ ಫಾರ್ಮ್ ಬಂತು. ಎಷ್ಟು ಹೊತ್ತಿಗೆ ಊಟ, ಪಟಾಕಿಗೆ ಹೆದರುತ್ತಾನಾ, ಬೆಕ್ಕು ಕಂಡರೆ ಏನು ಮಾಡುತ್ತಾನೆ, ಕಾರಿನಲ್ಲಿ ವಾಂತಿ ಮಾಡುತ್ತಾನಾ. ಒಂದು ಪ್ರಶ್ನೆ ನನಗೆ ತುಂಬಾ ಹಿಡಿಸಿತು: ಯಾವ ಭಾಷೆಯಲ್ಲಿ ಮಾತಾಡಿಸುತ್ತೀರಿ? ನಮ್ಮ ಮನೆಯಲ್ಲಿ ಕೊಂಕಣಿ. ಬಂಟಿಗೆ ‘ಬಾ’ ಅಂದರೆ ಗೊತ್ತಿಲ್ಲ, ‘ಯೋ’ ಅನ್ನಬೇಕು. ‘ಬಸ’ ಅಂದರೆ ಕೂರುತ್ತಾನೆ, ‘ನಾಕಾ’ ಅಂದರೆ ಬಿಡುತ್ತಾನೆ. ಎಲ್ಲ ಬರೆದೆ. ಮೂರನೇ ಪುಟದಲ್ಲಿ ‘ಯಾರಿಗಾದರೂ ಯಾವತ್ತಾದರೂ ಕಚ್ಚಿದೆಯಾ, ಕಚ್ಚಲು ಹೋಗಿದೆಯಾ?’ ಅಂತಿತ್ತು. ಇಲ್ಲ ಅಂತ ಬರೆದೆ.

ಅದು ಸುಳ್ಳು. ಹಿಂದಿನ ಗಣೇಶ ಚೌತಿಗೆ ಬಂದಿದ್ದ ನಾದಿನಿಯ ಮಗ ಬಂಟಿಯ ತಟ್ಟೆಗೆ ಕೈ ಹಾಕಿದಾಗ ಗುರ್ ಅಂದು ಬಾಯಿ ಹಾಕಿದ್ದ. ರಕ್ತ ಬರಲಿಲ್ಲ, ಬೆರಳ ಮೇಲೆ ಗೀರು ಬಿತ್ತು. ಹುಡುಗನಿಗೆ ರೇಬಿಸ್ ಇಂಜೆಕ್ಷನ್ ಪೂರ್ತಿ ಹಾಕಿಸಿದೆವು. ಬರೆದರೆ ತಗೊಳ್ಳಲ್ಲ ಅನ್ನುವ ಹೆದರಿಕೆ, ಅಷ್ಟೇ.

ಏಪ್ರಿಲಿನ ಒಂದು ಭಾನುವಾರ ಹೊರಟೆವು. ದೇವಿಮನೆ ಘಟ್ಟದ ತಿರುವುಗಳಲ್ಲಿ ಬಂಟಿ ಎರಡು ಸಲ ವಾಂತಿ ಮಾಡಿದ, ಒಂದು ನನ್ನ ಸೀರೆ ಮೇಲೆ. ಜಾಗ ನೋಡಿದರೆ ದೊಡ್ಡದೇನಲ್ಲ. ಚಿರೇಕಲ್ಲಿನ ಗೋಡೆ, ಹೆಂಚಿನ ಮಾಡು, ಎಂಟು ಕೋಣೆ. ಸುತ್ತ ಅಡಿಕೆ ದಬ್ಬೆಯ ಬೇಲಿ, ಅದರ ಹೊರಗೆ ಕಬ್ಬಿಣದ ಜಾಲರಿ. ಫೋಟೋದಲ್ಲಿ ತೋರಿಸಲು ಏನೂ ಇಲ್ಲ. ಆದರೆ ನೀರಿನ ಬಟ್ಟಲುಗಳು ತಿಕ್ಕಿಟ್ಟ ಹಾಗಿದ್ದವು, ವಾಸನೆ ಇರಲಿಲ್ಲ. ಬಂಟಿ ತಿರುಗಿಯೂ ನೋಡದೆ ಒಳಗೆ ಹೋದ. ಅಳು ಬಂದದ್ದು ಅದಕ್ಕೇ ಇರಬೇಕು. ವಾಪಸ್ ಬರುವಾಗ ಕುಮಟಾದವರೆಗೂ ಗಂಡ ಮಾತಾಡಲಿಲ್ಲ.

ಮೂರನೇ ದಿನ ಅಕ್ಕನ ಫೋನ್. ‘ಊಟದ ತಟ್ಟೆ ಹತ್ತಿರ ಹೋದ್ರೆ ಗುರ್ ಅಂತಾನೆ. ನೀವು ಬರೆದಿಲ್ಲ.’ ನಾನು ಸುಮ್ಮನಿದ್ದೆ. ‘ಮಗು ಇರೋ ಮನೆಗೆ ಕೊಟ್ಟಿದ್ರೆ?’ ಅಂದರು. ಜೋರು ಮಾಡಲಿಲ್ಲ, ಬೈಯಲೂ ಇಲ್ಲ. ಚೌತಿಯ ಕಥೆ ಪೂರ್ತಿ ಹೇಳಿದೆ. ಹೇಳಿದ ಮೇಲೆ ನಾಯಿ ವಾಪಸ್ ಒಯ್ಯಿ ಅಂತಾರೆ ಅಂದುಕೊಂಡಿದ್ದೆ. ‘ಸರಿ, ಹೊಸ ಫಾರ್ಮ್ ಕಳಿಸ್ತೇನೆ, ಇನ್ನೊಮ್ಮೆ ಬರೆಯಿರಿ’ ಅಂದರು.

ಆಮೇಲೆ ಮೂರು ವಾರ ಅದೊಂದೇ ಕೆಲಸ ಮಾಡಿದ್ದಾರೆ. ತಟ್ಟೆಯನ್ನು ಕಸಿದುಕೊಳ್ಳುವುದಿಲ್ಲ. ಬಂಟಿ ತಿನ್ನುವಾಗ ದೂರದಿಂದ ಹಾದುಹೋಗುತ್ತಾ ಒಂದು ತುಂಡು ಕೋಳಿ ತಟ್ಟೆ ಕಡೆ ಎಸೆಯುತ್ತಾರೆ. ದಿನಕ್ಕೆ ಒಂದು ಹೆಜ್ಜೆ ಹತ್ತಿರ. ಮನುಷ್ಯ ಹತ್ತಿರ ಬಂದರೆ ತಟ್ಟೆಯಲ್ಲಿರುವುದು ಹೋಗಲ್ಲ, ಇನ್ನೂ ಒಳ್ಳೆಯದು ಬೀಳುತ್ತೆ ಅಂತ ನಾಯಿಗೆ ಗೊತ್ತಾಗಬೇಕಂತೆ. ವಾರಕ್ಕೊಂದು ವಿಡಿಯೋ ಕಳಿಸುತ್ತಿದ್ದರು. ನಾವು ಮನೆಯಲ್ಲಿ ಮಾಡಿದ್ದು ಇದರ ಉಲ್ಟಾ. ಗುರ್ ಅಂದಾಗೆಲ್ಲ ಬೈದು ತಟ್ಟೆ ಎತ್ತಿಕೊಳ್ಳುತ್ತಿದ್ದೆವು. ಅವನು ಹೆದರಿದ್ದು ಸರಿಯಾಗೇ ಇತ್ತು.

ಬೀಜದ ಆಪರೇಷನ್ ಮಾಡಿಸದೆ ಯಾರಿಗೂ ಕೊಡುವುದಿಲ್ಲ ಅನ್ನುವುದು ಅವರ ಇನ್ನೊಂದು ನಿಯಮ. ಗಂಡ ಸ್ವಲ್ಪ ಗೊಣಗಿದರು. ಮರಿ ಹಾಕಿಸಲು ಕೇಳಿದ ಆ ಇಬ್ಬರ ಮೆಸೇಜು ತೋರಿಸಿದೆ, ಸುಮ್ಮನಾದರು.

ಇನ್ನು ಮನೆ ಹುಡುಕಿದ ಕಥೆ. ಮೊದಲು ಗೋಕರ್ಣದ ಕಡೆಯ ಹೋಮ್‌ಸ್ಟೇಯವರು ಬಂದರು. ಅತಿಥಿಗಳಿಗೆ ಫೋಟೋ ತೆಗೆಸಿಕೊಳ್ಳಲು ಒಂದು ಲ್ಯಾಬ್ರಡಾರ್ ಇದ್ದರೆ ಚೆನ್ನ ಅಂತ. ದಿನಾ ಹೊಸ ಜನ, ಹೊಸ ಮಕ್ಕಳು, ಕೈಯಲ್ಲೆಲ್ಲ ತಿಂಡಿ. ಅಕ್ಕ ಬೇಡ ಅಂದರು. ಎರಡನೆಯವರು ಶಿರಸಿ ಪೇಟೆಯವರು. ಕೂದಲು ಉದುರುತ್ತದೆ ಅಂತ ಐದೇ ದಿನಕ್ಕೆ ವಾಪಸ್ ತಂದರು. ಲ್ಯಾಬ್ರಡಾರ್ ಕೂದಲು ಉದುರಿಸದೆ ಇನ್ನೇನು ಉದುರಿಸಬೇಕು?

ಮೂರನೆಯದು ಸಿದ್ದಾಪುರ ರಸ್ತೆಯಲ್ಲಿ ಒಳಗೆ ಹೋದರೆ ಸಿಗುವ ಹವ್ಯಕರ ಮನೆ. ಅಡಿಕೆ ತೋಟ, ಇಬ್ಬರು ವಯಸ್ಸಾದವರು, ಮಗ ಸೊಸೆ. ಚಿಕ್ಕ ಮಕ್ಕಳಿಲ್ಲ. ಹಿಂದಿನ ನಾಯಿಯನ್ನು ಎರಡು ವರ್ಷದ ಕೆಳಗೆ ಅಂಗಳದಿಂದಲೇ ಚಿರತೆ ಒಯ್ದಿತ್ತು. ಅಕ್ಕ ಆ ಮನೆ ನೋಡಲು ಹೋದವರು ಅರ್ಧ ದಿನ ಕೂತು ಬಂದಿದ್ದಾರೆ. ಕೇಳಿದ ಪ್ರಶ್ನೆಗಳನ್ನು ನನಗೆ ಆಮೇಲೆ ಓದಿ ಹೇಳಿದರು. ರಾತ್ರಿ ನಾಯಿ ಎಲ್ಲಿ ಮಲಗುತ್ತೆ? ಚಿರತೆ ಕಚ್ಚದ ಹಾಗೆ ಕೊರಳಿಗೆ ಮೊಳೆ ಪಟ್ಟಿ ಹಾಕಿ ಅಂಗಳದಲ್ಲಿ ಕಟ್ಟುತ್ತೇವೆ ಅಂದರಂತೆ. ಆಗಲ್ಲ, ಕತ್ತಲಾದ ಮೇಲೆ ಜಗುಲಿ ಒಳಗೆ, ಬಾಗಿಲು ಹಾಕಿ ಅಂದರಂತೆ ಅಕ್ಕ. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವಾಗ ಎಲ್ಲಿರುತ್ತೆ? ಮೈಲುತುತ್ತ ಕಲಸಿದ ಡ್ರಮ್ಮಿಗೆ ಬಾಯಿ ಹಾಕಿದರೆ ಕಷ್ಟ ಅಲ್ವಾ. ಮೈಗೆ ಹತ್ತುವ ಉಣುಗಿಗೆ, ಅಂದರೆ ಉಣ್ಣಿಗೆ, ತಿಂಗಳು ತಿಂಗಳು ಔಷಧಿ ಹಾಕ್ತೀರಾ? ಆ ಕಡೆ ಮಂಗನ ಕಾಯಿಲೆ ಹರಡುವುದೂ ಉಣುಗಿನಿಂದಲೇ ಆದ್ದರಿಂದ ಇದಕ್ಕೆ ಅವರು ಜಾಸ್ತಿ ವಾದ ಮಾಡಲಿಲ್ಲವಂತೆ.

ಸಿಕ್ಕಿಹಾಕಿಕೊಂಡದ್ದು ಊಟದಲ್ಲಿ. ನಾಲ್ಕು ವರ್ಷ ಬಂಗುಡೆ ತಿಂದ ನಾಯಿ. ಆ ಮನೆಯವರು ಮೀನು ಮಾಂಸ ಮುಟ್ಟದವರು, ಅಲ್ಲಿ ಅನ್ನ, ಮಜ್ಜಿಗೆ, ದೋಸೆ. ನಾಯಿ ಆಹಾರದ ಚೀಲ ತರಿಸ್ತೇವೆ, ಮೊಟ್ಟೆ ಮಾತ್ರ ಒಳಗೆ ಬರೋದಿಲ್ಲ ಅಂದರು ಮಗ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಬಚ್ಚಲ ಒಲೆ ಅಡುಗೆ ಮನೆ ಲೆಕ್ಕಕ್ಕೆ ಬರೋದಿಲ್ಲವಲ್ಲ, ಅಲ್ಲಿ ಬೇರೆ ಪಾತ್ರೆ ಇಟ್ಟು ಬೇಯಿಸಿ ಅಂದರಂತೆ. ಹಾಗೆ ಬಂಟಿಗೆ ದಿನಕ್ಕೊಂದು ಬಚ್ಚಲ ಮೊಟ್ಟೆ ಮಂಜೂರಾಯಿತು.

ಎರಡು ವಾರ ಪರೀಕ್ಷೆಗೆ ಕೊಟ್ಟು, ಆಮೇಲೆ ಬಾಂಡ್ ಪೇಪರಿನಲ್ಲಿ ಬರೆಸಿದರು. ವರ್ಷಕ್ಕೊಮ್ಮೆ ರೇಬಿಸ್ ಲಸಿಕೆ, ಮಾರಬಾರದು, ಬೇಡವಾದರೆ ಇನ್ನೊಬ್ಬರಿಗೆ ದಾಟಿಸದೆ ಇವರಿಗೇ ವಾಪಸ್ ತರಬೇಕು. ಇದೆಲ್ಲ ತಗೊಳ್ಳುವವರಿಗೆ ಅಂದುಕೊಂಡು ಸಹಿ ಹಾಕಲು ಹೋದರೆ ನನಗೂ ಒಂದು ಪುಟ ಇತ್ತು. ಒಂದು ವರ್ಷದ ಒಳಗೆ ಬಂಟಿ ಯಾವ ಕಾರಣಕ್ಕೆ ವಾಪಸ್ ಬಂದರೂ ಇನ್ನೊಂದು ಮನೆ ಸಿಗುವವರೆಗೆ ಖರ್ಚು ನನ್ನದು. ನಾನು ಯಾಕೆ ಅಂತ ಕೇಳಿದೆ. ‘ತಂದವರು ನೀವಲ್ವಾ’ ಅಂದರು ಅಕ್ಕ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸಹಿ ಹಾಕಿದೆ.

ದುಡ್ಡಿನ ಲೆಕ್ಕ: ದಿನಕ್ಕೆ 350ರಂತೆ 47 ದಿನಕ್ಕೆ 16,450. ಆಪರೇಷನ್ನಿಗೆ ಬೇರೆ 6,000. ಒಟ್ಟು 22,450 ರೂಪಾಯಿ. ತರಲು 9,000, ಕಳಿಸಲು ಅದರ ಎರಡೂವರೆ ಪಟ್ಟು.

ಒಂದು ಸ್ಟಾರ್ ಕಡಿಮೆ ಯಾಕೆ? ಬಿಲ್ ಕೊಡಲು ಬಹಳ ಸತಾಯಿಸಿದರು. ನಾನು ಅಂಗಡಿಯಲ್ಲಿ ಹತ್ತು ರೂಪಾಯಿ ಮಾತ್ರೆಗೂ ಬಿಲ್ ಹರಿಯುವವಳು. ನೋಟ್‌ಬುಕ್ಕಿನ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಬರೆದ ಲೆಕ್ಕ ನನಗೆ ಲೆಕ್ಕವೇ ಅಲ್ಲ. ಮೂರು ಸಲ ಕೇಳಿದ ಮೇಲೆ ಸರಿಯಾದ ರಸೀದಿ ಬಂತು. ಎರಡನೆಯದು ಫೋನ್. ಅಲ್ಲಿ ನೆಟ್‌ವರ್ಕ್ ಇಲ್ಲ, ಗುಡ್ಡ ಹತ್ತಿದಾಗ ಮೆಸೇಜು ನೋಡುತ್ತಾರೆ. ಆಪರೇಷನ್ ಆದ ದಿನ ಸಂಜೆ ಆರರಿಂದ ಮರುದಿನ ಬೆಳಗ್ಗೆ ಹತ್ತರವರೆಗೆ ನಾನು ಎಷ್ಟು ಸಲ ಡಯಲ್ ಮಾಡಿದೆ ಅಂತ ಎಣಿಸಿಲ್ಲ. ಆವತ್ತಾದರೂ ಒಂದು ಮಾತು ಹೇಳಬೇಕಿತ್ತು. ಮಳೆಗಾಲದಲ್ಲಿ ಹಿಂದಿನ ಎರಡು ಕೋಣೆಗೆ ನೀರು ಜಿನುಗುತ್ತದೆ ಅಂತ ಅವರೇ ಹೇಳಿದರು. ಜೂನ್ ಮೇಲೆ ಬಿಡುವವರು ಮುಂದಿನ ಸಾಲು ಕೇಳಿ ತಗೊಳ್ಳಿ.

ಹೊಸ ಮನೆಗೆ ಹೋದ ಮೇಲೆ ಮೂರು ತಿಂಗಳು ಹೋಗಿ ನೋಡುವ ಹಾಗಿಲ್ಲ ಅನ್ನುವುದು ಇನ್ನೊಂದು ನಿಯಮ. ಅದಕ್ಕೆ ನಾನು ಮಾರ್ಕು ಕಡಿಮೆ ಮಾಡಿಲ್ಲ. ಕಷ್ಟವಂತೂ ಆಯಿತು. ಆಗಸ್ಟಿನಲ್ಲಿ ಆ ಮನೆಯವರು ವಿಡಿಯೋ ಕಳಿಸಿದರು. ಬಂಟಿ 35 ಕೆಜಿಗೆ ಇಳಿದಿದ್ದಾನೆ, ಸೊಂಟ ಕಾಣಿಸುತ್ತಿದೆ. ಅಜ್ಜಿ ಜಗುಲಿಯಲ್ಲಿ ಕೂತು ‘ಬಸ, ಬಸ’ ಅನ್ನುತ್ತಿದ್ದಾರೆ. ನಮ್ಮ ಕೊಂಕಣಿ ಅವರ ಬಾಯಲ್ಲಿ ‘ಬಸ್ಸು ಬಂತು’ ಅಂದ ಹಾಗೆ ಕೇಳಿಸುತ್ತದೆ. ಬಂಟಿಗೆ ಅರ್ಥವಾಗುತ್ತದೆ, ಕೂರುತ್ತಾನೆ.

ಹೋಗುವವರಿಗೆ: ಬೆಳಗ್ಗೆ ಹತ್ತರ ಮೇಲೆ ಫೋನ್ ಮಾಡಿ. ಲಸಿಕೆ ಪುಸ್ತಕದ ಎಲ್ಲಾ ಪುಟ ಒಯ್ಯಿರಿ. ಘಟ್ಟ ಹತ್ತುವ ಮೊದಲು ನಾಯಿಗೆ ಏನೂ ತಿನ್ನಿಸಬೇಡಿ. ಫಾರ್ಮಿನ ಮೂರನೇ ಪುಟದಲ್ಲಿ ನಿಜ ಬರೆಯಿರಿ.

ವಿಡಿಯೋವನ್ನು ಅತ್ತೆಗೂ ತೋರಿಸಿದೆ. ವಾಕರ್ ಹಿಡಿದು ನಿಂತೇ ಎರಡು ಸಲ ನೋಡಿದರು. ತೆಳ್ಳಗಾಗಿದ್ದಾನೆ, ಅಲ್ಲಿ ಮೀನು ಸಿಗತ್ತಾ ಅಂತ ಕೇಳಿದರು. ಸಿಗತ್ತೆ ಅಂದಿದ್ದೇನೆ.