ಮಿನ್ನೆಸೋಟದ ಚಳಿಯಲ್ಲಿ ಹ್ಯಾಂಡಲ್ ಪೋಗಿ: ಕೈಗೆ ಸುಖ, ಜಿಪ್‌ಗೆ ಶಾಪ

ಮೊದಲೇ ಹೇಳಿಬಿಡುತ್ತೇನೆ: ಸೈಕಲ್ ಹ್ಯಾಂಡಲ್‌ನ ಎರಡೂ ತುದಿಗೆ ತೊಡಿಸಿ, ಒಳಗೆ ಕೈ ತೂರಿಸಿಕೊಳ್ಳುವ ಈ ದಪ್ಪ ಚೀಲಗಳು, ಅಂದರೆ ಪೋಗಿಗಳು, ನನ್ನ ಬೆರಳುಗಳನ್ನು ಉಳಿಸಿವೆ, ಆ ಋಣ ನನಗಿದೆ. ಆದರೂ ಇವುಗಳಿಗೆ ಈ ಜಿಪ್ ಆರಿಸಿದ ಮಹಾನುಭಾವ ಎದುರಿಗೆ ಸಿಕ್ಕರೆ ಎರಡು ಮಾತು ಕೇಳದೆ ಬಿಡುವವನಲ್ಲ.

ನಾನು ಧಾರವಾಡದವನು, ಈಗ ಇರುವುದು ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ. ಚಳಿಗಾಲದಲ್ಲೂ ಕಚೇರಿಗೆ ದಪ್ಪ ಚಕ್ರದ ಸೈಕಲ್ಲೇ ಗತಿ, ಎರಡನೇ ಕಾರು ನಮ್ಮ ಮನೆಯ ಲೆಕ್ಕಾಚಾರಕ್ಕೆ ಹೊಂದುವುದಿಲ್ಲ. ಹಳೆಯ ರೈಲು ಹಳಿಯ ಜಾಗದಲ್ಲಿ ಮಾಡಿರುವ ಮಿಡ್‌ಟೌನ್ ಗ್ರೀನ್‌ವೇ ದಾರಿಯಲ್ಲಿ ಹಿಮವನ್ನು ಬೇಗ ಗುಡಿಸುತ್ತಾರೆ. ತೊಂದರೆ ದಾರಿಯದಲ್ಲ, ಗಾಳಿಯದು. ಮೈನಸ್ 20 ಡಿಗ್ರಿ ಇರುವ ದಿನ ಗಂಟೆಗೆ 20 ಕಿಲೋಮೀಟರ್ ಗಾಳಿ ಮುಖಕ್ಕೆ ಬಡಿದರೆ ಮೈಗೆ ಅದು ಮೈನಸ್ 30ರ ಚಳಿ. ತುಳಿಯುವ ಕಾಲುಗಳಿಗೆ ತಮ್ಮದೇ ಬಿಸಿ ಇರುತ್ತದೆ. ಕೈಗಳೋ, ಅಲ್ಲಾಡದೆ ತಣ್ಣನೆಯ ಅಲ್ಯೂಮಿನಿಯಂ ಬ್ರೇಕ್ ಹಿಡಿದು ಕುಳಿತಿರಬೇಕು. ಎಷ್ಟು ದಪ್ಪದ ಕೈಗವಸು ಹಾಕಿದರೂ ಆ ಲೋಹ ಬಿಸಿಯನ್ನು ಹೀರಿಕೊಳ್ಳದೆ ಬಿಡುವುದಿಲ್ಲ, ದಪ್ಪ ಹೆಚ್ಚಿದಂತೆ ಗೇರು ಬದಲಿಸುವುದೂ ಆಗುವುದಿಲ್ಲ. ಬ್ಯಾಟರಿಯಿಂದ ಬಿಸಿಯಾಗುವ ಕೈಗವಸುಗಳ ಬೆಲೆ ಕೇಳಿ ಹಿಂದೆ ಸರಿದೆ. ಪೋಗಿಗಳು ಅದರ ಅರ್ಧ ಬೆಲೆಗೆ, ಏಪ್ರಿಲ್‌ನ ರಿಯಾಯಿತಿಯಲ್ಲಿ ಸಿಕ್ಕವು.

ಅಂದಿನಿಂದ ಬೆಳಗಿನ ಕ್ರಮವೇ ಬದಲಾಗಿದೆ. ರಾತ್ರಿ ಪೋಗಿಗಳನ್ನು ಬಿಚ್ಚಿ ಒಳಗೆ ತಂದು, ಬಾಯಿ ಅಗಲಿಸಿ, ಹೀಟರ್‌ನ ಬಿಸಿಗಾಳಿ ಬರುವ ಜಾಲರಿಯ ಪಕ್ಕ ಮಲಗಿಸುತ್ತೇನೆ. ಬೆಳಿಗ್ಗೆ ಚಹಾ ಕುಡಿಯುತ್ತಲೇ ಅವುಗಳೊಳಗೆ ಕೈ ಹಾಕಿ ನೋಡುವುದು ಅಭ್ಯಾಸವಾಗಿದೆ, ಒಣಗಿದೆಯೋ ಎಂದು ನೋಡುವ ನೆಪದಲ್ಲಿ. ಆಮೇಲೆ ಗ್ಯಾರೇಜಿಗೆ ಹೋಗಿ ಚಕ್ರದ ಗಾಳಿ ಅಳೆಯಬೇಕು. ಇದನ್ನು ಹೊರಗಿನ ಚಳಿಯಲ್ಲೇ ಮಾಡಬೇಕು ಎಂಬುದು ಹೊಸಬರಿಗೆ ನೆನಪಿರಲಿ: ಮನೆಯೊಳಗೆ 20 ಡಿಗ್ರಿಯಲ್ಲಿ 6 ಪಿಎಸ್‌ಐ ಒತ್ತಡಕ್ಕೆ ಗಾಳಿ ತುಂಬಿಸಿದ ಚಕ್ರ ಮೈನಸ್ 20ಕ್ಕೆ ಬಂದಾಗ ಸುಮಾರು 3ಕ್ಕೆ ಇಳಿದಿರುತ್ತದೆ. ವಾಲ್ವಿನ ಪುಟ್ಟ ತಿರುಪು ಬಿಚ್ಚಲು ಕೈಗವಸು ತೆಗೆಯಲೇಬೇಕು, ಅಷ್ಟರಲ್ಲೇ ಬೆರಳ ತುದಿ ಜೋಮು ಹಿಡಿಯುತ್ತದೆ. ಆ ಕೈಗಳನ್ನು ಬೆಚ್ಚಗಿನ ಪೋಗಿಯೊಳಗೆ ತೂರಿಸುವ ಕ್ಷಣಕ್ಕೆ ನಾನು ಕೊಟ್ಟ ದುಡ್ಡೆಲ್ಲ ಸಂದಿದೆ. ಒಳಗೆ ಉಣ್ಣೆಯ ತೆಳು ಕೈಗವಸು ಸಾಕು. ಬ್ರೇಕು, ಗೇರು, ಎಲ್ಲವೂ ಬೆರಳಿಗೆ ಸ್ಪಷ್ಟವಾಗಿ ಸಿಗುತ್ತವೆ.

ಜಾಹೀರಾತಿನಲ್ಲಿ ಹೇಳದ ಇನ್ನೊಂದು ಸುಖವಿದೆ. ಎರಡೂ ಪೋಗಿಗಳ ಒಳಗೋಡೆಯಲ್ಲಿ ಒಂದೊಂದು ಜೇಬು. ಸೈಕಲ್ ಓಟಗಳಲ್ಲಿ ಎಲ್ಲರೂ ತಿನ್ನುವ ಶಕ್ತಿವರ್ಧಕ ಬಾರ್‌ಗಳು ಈ ಚಳಿಯಲ್ಲಿ ಕಡಪಾ ಕಲ್ಲಿನಂತಾಗುತ್ತವೆ, ಜೆಲ್ ಪೊಟ್ಟಣ ಹಿಂಡಿದರೆ ಏನೂ ಬರುವುದಿಲ್ಲ. ನಮ್ಮ ಅತ್ತೆಯವರು ಬಂದಾಗಲೆಲ್ಲ ಡಬ್ಬಿಗಟ್ಟಲೆ ಶೇಂಗಾ ಹೋಳಿಗೆ ಮಾಡಿಟ್ಟು ಹೋಗುತ್ತಾರೆ. ಅದನ್ನು ನಾಲ್ಕು ತುಂಡು ಮಾಡಿ ಎಡಗಡೆಯ ಜೇಬಿಗೆ ಹಾಕಿಕೊಂಡರೆ ಕೈಯ ಬಿಸಿಗೇ ಬೆಲ್ಲ ಮೆತ್ತಗಾಗಿರುತ್ತದೆ. ನೀರಿನ ಅಂಶ ಕಡಿಮೆ, ಅಂಟುವುದಿಲ್ಲ, ಒಂದೇ ಕೈಯಲ್ಲಿ ತಿನ್ನಬಹುದು. ಇದಕ್ಕಿಂತ ಒಳ್ಳೆಯ ಓಟದ ಆಹಾರವನ್ನು ಯಾವ ಕಂಪನಿಯೂ ಮಾಡಿಲ್ಲ ಎಂದು ವಾದಿಸಲು ನಾನು ಸಿದ್ಧ.

ಇಲ್ಲಿಯವರೆಗೆ ಐದಕ್ಕೆ ಐದು. ಹೀಗಿರುವಾಗ ಜನವರಿಯ ಕೊನೆಯ ಸೋಮವಾರ ಇವುಗಳನ್ನು ಆ್ಯರೋಹೆಡ್ 135ಕ್ಕೆ ಕರೆದೊಯ್ದೆ.

ಗೊತ್ತಿಲ್ಲದವರಿಗೆ ಎರಡೇ ಮಾತು. 2005ರಲ್ಲಿ ಶುರುವಾದ ಸ್ಪರ್ಧೆ ಇದು. ಕೆನಡಾ ಗಡಿಯ ಇಂಟರ್‌ನ್ಯಾಷನಲ್ ಫಾಲ್ಸ್‌ನಿಂದ ಟವರ್ ಊರಿನ ಕಡೆಗೆ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಮೋಟಾರು ಬಂಡಿ) ದಾರಿಯಲ್ಲಿ 135 ಮೈಲಿ, ಅಂದರೆ 217 ಕಿಲೋಮೀಟರ್. ಗಡುವು 60 ಗಂಟೆ. ಸೈಕಲ್‌ನಲ್ಲಾದರೂ ಹೋಗಿ, ಸ್ಕೀ ಕಟ್ಟಿಯಾದರೂ ಹೋಗಿ, ನಡೆದಾದರೂ ಹೋಗಿ. ಸೇರುವ ಊರಿನ ಸ್ವಭಾವ ತಿಳಿಯಬೇಕಿದ್ದರೆ, ಮಿನ್ನೆಸೋಟದ ಇತಿಹಾಸದಲ್ಲೇ ಅತಿ ಕಡಿಮೆ ತಾಪಮಾನ, ಮೈನಸ್ 51 ಡಿಗ್ರಿ, ದಾಖಲಾಗಿದ್ದು ಈ ಟವರ್ ಬಳಿ, 1996ರ ಫೆಬ್ರುವರಿ 2ರಂದು. ಮೈನಸ್ 29 ತಡೆಯುವ ಮಲಗುವ ಚೀಲ, ಒಲೆ, ಇಂಧನ ಕಡ್ಡಾಯ. ಕೊರಳಲ್ಲಿ ದಾರ ಕಟ್ಟಿದ ಸೀಟಿಯೂ ಕಡ್ಡಾಯ, ತುಟಿ ಮರಗಟ್ಟಿದರೆ ಕೂಗಲು ಆಗುವುದಿಲ್ಲವಲ್ಲ! 3000 ಕ್ಯಾಲೊರಿಯಷ್ಟು ಆಹಾರ ಓಟ ಮುಗಿಯುವಾಗಲೂ ಚೀಲದಲ್ಲಿ ಉಳಿದಿರಬೇಕು. ಅದಕ್ಕೂ ಹೋಳಿಗೆಯನ್ನೇ ಒಯ್ದಿದ್ದೆ. ಮುಟ್ಟದೆ ತರುವುದೇ ಓಟಕ್ಕಿಂತ ಕಷ್ಟವಾಯಿತು.

ಗೇಟ್‌ವೇ ಅಂಗಡಿಯ ತಂಗುದಾಣದವರೆಗೆ ದಾರಿ ಬಹುತೇಕ ಸಮತಟ್ಟು, ಪೋಗಿಗಳ ಬಗ್ಗೆ ಯೋಚಿಸುವ ಪ್ರಸಂಗವೇ ಬರಲಿಲ್ಲ. ಅರ್ಧ ದಾರಿಯ ಮೆಲ್‌ಜಾರ್ಜ್‌ ರೆಸಾರ್ಟ್‌ನಲ್ಲಿ ಬಿಸಿ ಚೀಸ್ ಸ್ಯಾಂಡ್‌ವಿಚ್ ತಿಂದು ಕತ್ತಲಲ್ಲಿ ಹೊರಟ ಮೇಲೆ ಗುಡ್ಡಗಳು ಎದುರಾದವು. ಕಡಿದಾದ ಏರುಗಳಲ್ಲಿ ಸಾಮಾನು ತುಂಬಿದ ಸೈಕಲ್ ತಳ್ಳಬೇಕು, ಮೈ ಬೆವರುತ್ತದೆ, ಕೈಯೂ ಬೆವರುತ್ತದೆ. ಇಂಥ ಹೊತ್ತಿಗೆಂದೇ ಪೋಗಿಯ ಮೇಲ್ಭಾಗದಲ್ಲಿ ಗಾಳಿಯಾಡಲು ಒಂದು ಜಿಪ್ ಇದೆ. ಅದರ ಹಿಡಿಕೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಅದೂ ಲೋಹದ್ದು. ಒಳಗಿನ ಬೆವರಿನ ಆವಿ ಜಿಪ್‌ನ ಹಲ್ಲುಗಳ ನಡುವಿನಿಂದ ಹೊರಬರುತ್ತಾ ಅಲ್ಲೇ ಹೆಪ್ಪುಗಟ್ಟಿತ್ತು. ಎಳೆದರೆ ಕದಲಲಿಲ್ಲ. ಕೈಗವಸು ತೆಗೆದು ಎಳೆದೆ, ಬೆರಳು ಉರಿಯಿತೇ ಹೊರತು ಜಿಪ್ ತೆರೆಯಲಿಲ್ಲ. ಗಾಳಿಯಾಡದೆ ಒಳಗಿನ ಕೈಗವಸು ತೊಯ್ದಿತು, ಪೋಗಿಯ ಪದರದಲ್ಲೂ ಮಂಜಿನ ಪುಡಿ ಕಟ್ಟಿತು. ಇಳಿಜಾರಿನಲ್ಲಿ ಗಾಳಿ ಬೀಸಿದಾಗ, ಒದ್ದೆಯಾದ ಆ ಬೆಚ್ಚನೆಯ ಕೋಣೆ ಶೀತಲಗೃಹವಾಯಿತು. ಚೀಲದಲ್ಲಿ ಒಣ ಕೈಗವಸು ಇತ್ತು, ಬದಲಿಸಿಕೊಂಡೆ, ಮುಂದಿನ ಏರಿನಲ್ಲಿ ಅದೂ ತೊಯ್ದಿತು. ಕೊನೆಯ ಜೋಡಿಯನ್ನು ವೇಕಮಪ್ ಗುಡ್ಡ ದಾಟುವ ತನಕ ಅಂಗಿಯೊಳಗೆ ಬಚ್ಚಿಟ್ಟುಕೊಂಡೆ. ಗಡುವಿನೊಳಗೆ ಮುಟ್ಟಿದೆ, ಬೆರಳುಗಳೂ ಪೂರ್ತಿ ಇವೆ. ಆದರೆ ಆ ರಾತ್ರಿ ಇಂಥ ಚಳಿಗೆಂದೇ ಮಾಡಿದ ವಸ್ತುವಿನಲ್ಲಿ ಚಳಿಗೆ ತೆರೆಯದ ಜಿಪ್ ಏಕೆ ಎಂದು ಮರಗಳನ್ನು ಕೇಳುತ್ತಾ ಸಾಗಿದ್ದಂತೂ ನಿಜ.

ತಯಾರಕರಿಗೆ ಬರೆದೆ. ತುಂಬಾ ವಿನಯದ ಉತ್ತರ ಬಂತು, ಜೊತೆಗೆ ಬದಲಿ ಜೋಡಿಯೂ ಬಂತು. ಅದರಲ್ಲಿಯೂ ಅದೇ ಜಿಪ್.

ಸಿಟ್ಟು ಇಳಿದ ಮೇಲೆ ಯೋಚಿಸಿದರೆ, ಕಚೇರಿಯ ದಾರಿಯಲ್ಲಿ ಈ ಜಿಪ್ ಒಮ್ಮೆಯೂ ಕಾಡಿಲ್ಲ. ಬೆವರು ಕಟ್ಟುವ ಮೊದಲೇ ಕಚೇರಿ ಬಂದಿರುತ್ತದೆ. ಬರಿಯ ಓಡಾಟಕ್ಕೆ ಕೊಳ್ಳುವವರು ನನ್ನ ಗೊಣಗಾಟವನ್ನು ಬದಿಗಿಟ್ಟು ಧೈರ್ಯವಾಗಿ ಕೊಳ್ಳಿ, ರಿಯಾಯಿತಿ ಬರುವವರೆಗೆ ಕಾಯಿರಿ. ದೀರ್ಘ ಓಟಕ್ಕೆ ಹೋಗುವವರು ಜಿಪ್‌ನ ಹಲ್ಲುಗಳಿಗೆ ಮೇಣದಬತ್ತಿ ಉಜ್ಜಿ, ಹಿಡಿಕೆಗೆ ದಪ್ಪ ದಾರದ ಕುಣಿಕೆ ಕಟ್ಟಿಕೊಳ್ಳಿ, ಮತ್ತು ಏರು ಬರುವ ಮೊದಲೇ ತೆರೆದಿಡಿ. ನನ್ನ ಅಂಕ ಐದಕ್ಕೆ ಮೂರೂವರೆ. ಅರ್ಧ ಅಂಕ ಬರಿಯ ಜೇಬಿಗೆ.

ಧಾರವಾಡದ ಸೋದರಮಾವನ ಮಗ ಫೋಟೋ ನೋಡಿ ತನಗೂ ಒಂದು ಜೋಡಿ ಕಳಿಸೆಂದು ಹಟ ಹಿಡಿದಿದ್ದಾನೆ. ಅಲ್ಲಿಯ ಡಿಸೆಂಬರಿಗೆ ಇದನ್ನು ಹಾಕಿಕೊಂಡರೆ ಕೈ ಬೆಂದೇಹೋಗುತ್ತದೆ ಎಂದರೂ ಕೇಳುತ್ತಿಲ್ಲ. ಬದಲಿ ಬಂದ ಜೋಡಿಯನ್ನು ಅವನಿಗೇ ಕೊಟ್ಟು, ಹಳೆಯದರ ಜಿಪ್ ಕಿತ್ತು ಅಲ್ಲಿ ವೆಲ್ಕ್ರೋ ಪಟ್ಟಿ ಹೊಲಿಸಿಕೊಳ್ಳುವ ಯೋಚನೆಯಲ್ಲಿದ್ದೇನೆ. ಇಷ್ಟು ದಪ್ಪ ಬಟ್ಟೆಯನ್ನು ಸೂಜಿ ಮುರಿಯದೆ ಹೊಲಿಯಬಲ್ಲ ಯಂತ್ರ ಮಿನಿಯಾಪೊಲಿಸ್‌ನಲ್ಲಿ ಯಾರ ಬಳಿ ಇದೆಯೋ ತಿಳಿದವರು ತಿಳಿಸಿ.