ಹಳೆ ಕಾರ್ಬನ್ ಫ್ರೇಮ್: 142 ತಗೊಳ್ಳೋದಾ, ಬೂಸ್ಟ್ ತಗೊಳ್ಳೋದಾ?

ಸೆಕೆಂಡ್ ಹ್ಯಾಂಡ್ ಮೌಂಟನ್ ಬೈಕ್ ಫ್ರೇಮ್ ಎರಡು ಮುಂದಿವೆ ಎನ್ನಿ. ಒಂದರ ಹಿಂಚಕ್ರ ಕೂರುವ ಜಾಗದ ಅಗಲ 142 ಮಿ.ಮೀ., ಇನ್ನೊಂದರದ್ದು 148, ಅಂದರೆ ಬೂಸ್ಟ್. ಬರೀ 6 ಮಿ.ಮೀ. ಅಲ್ವಾ ಅನಿಸಬಹುದು. ಹೊಡೆತ ಜೇಬಿಗೆ ಬೀಳುತ್ತದೆ.

ಮನೆಯಲ್ಲಿ ಹಳೆ ಚಕ್ರ, ಕ್ರ್ಯಾಂಕ್ (ಪೆಡಲ್ ತೋಳು) ಇದ್ದರೆ 142 ಸಾಕು. ಹೊಸದಾಗಿ ಕೊಳ್ಳುವುದಾದರೆ 142ಕ್ಕೆ ಆಯ್ಕೆ ಕಡಿಮೆ. ಬೂಸ್ಟ್ ಹಬ್ (ಚಕ್ರದ ನಡುಭಾಗ) ಇದರೊಳಗೆ ಕೂರುವುದೇ ಇಲ್ಲ. 142ರ ಹಬ್ಬನ್ನು ಬೂಸ್ಟ್ ಫ್ರೇಮಿಗೆ ಅಡಾಪ್ಟರ್ ಹಾಕಿ ಕೂರಿಸಬಹುದು, ಆದರೆ ಬ್ರೇಕ್ ಡಿಸ್ಕಿಗೂ ಸ್ಪೇಸರ್ ಬೇಕಾಗಬಹುದು. ಬೂಸ್ಟ್‌ನಲ್ಲಿ ಚೈನ್‌ಲೈನ್, ಅಂದರೆ ಫ್ರೇಮಿನ ನಡುಗೆರೆಯಿಂದ ಚೈನಿಗಿರುವ ದೂರ ಕೂಡ ಸುಮಾರು 49ರಿಂದ 52 ಮಿ.ಮೀ.ಗೆ ಸರಿಯುತ್ತದೆ. ಹಾಗಾಗಿ ಚೈನ್‌ರಿಂಗ್ (ಪೆಡಲ್ ಪಕ್ಕದ ಹಲ್ಲಿನ ಚಕ್ರ) ನೋಡಿಯೇ ತಗೊಳ್ಳಿ.

ಸ್ರಾಮ್ ಕಂಪನಿಯ ಟ್ರಾನ್ಸ್‌ಮಿಷನ್ ಗೇರ್ ಮೇಲೆ ಆಸೆಯಿದ್ದರೆ ಬೂಸ್ಟ್ ಆದರಷ್ಟೇ ಸಾಲದು, ಯುಡಿಎಚ್ ಹ್ಯಾಂಗರ್ (ಹಿಂದಿನ ಗೇರ್ ಸಿಕ್ಕಿಸುವ ಕೊಂಡಿ) ಕೂರುವ ಫ್ರೇಮ್ ಬೇಕು. ಯುಡಿಎಚ್ ಬಂದಿದ್ದೇ 2019ರಲ್ಲಿ, ಅದಕ್ಕಿಂತ ಹಳೆ ಫ್ರೇಮಿನಲ್ಲಿ ಹುಡುಕಬೇಡಿ.

ನಾನಾದರೆ ಅಗಲಕ್ಕಿಂತ ಮೊದಲು ಪೆಡಲ್ ಬೇರಿಂಗ್ ಕೂರುವ ಜಾಗ ನೋಡುತ್ತೇನೆ. ತಿರುಪಿನದ್ದಾದರೆ ನೆಮ್ಮದಿ. ಪ್ರೆಸ್‌ಫಿಟ್, ಅಂದರೆ ಒತ್ತಿ ಕೂರಿಸುವಂಥದ್ದಾದರೆ ತೂತು ಸವೆದಿರಬಹುದು, ಆಮೇಲೆ ಕಿರಿಕಿರಿ ಸದ್ದು ತಪ್ಪಿದ್ದಲ್ಲ. ಸೀಟ್‌ಪೋಸ್ಟ್ (ಸೀಟನ್ನು ಹಿಡಿದಿರುವ ಕೊಳವೆ) 30.9 ಮಿ.ಮೀ. ದಪ್ಪದ್ದಾ, 31.6ರದ್ದಾ ಅಳೆದು ನೋಡಿ. ದಪ್ಪದ್ದನ್ನು ಸುಮ್ನೆ ಒತ್ತಿ ತುರುಕಿದರೆ ಕಾರ್ಬನ್ ಸೀಳುತ್ತದೆ.