ಇಡಿಗಂಟೋ, ತಿಂಗಳ ಕಂತೋ: ಗಿವ್‌ಡೈರೆಕ್ಟ್‌ಲಿ ನಗದು ಸೇವೆಯ ವಿಮರ್ಶೆ

ಅಂಗಡಿಯಲ್ಲಿ ಹಣ ಕೊಟ್ಟವರೇ ಸರಕನ್ನು ಬಳಸುತ್ತಾರೆ. ಸರಕು ಕೆಟ್ಟದ್ದಾದರೆ ದೂರು ಅದೇ ಬಾಯಿಂದ ಹೊರಡುತ್ತದೆ. ದಾನ ಸಂಸ್ಥೆಗಳ ವ್ಯವಹಾರ ಹಾಗಲ್ಲ. ಹಣ ತೆರುವವರು ಒಂದು ಖಂಡದಲ್ಲಿರುತ್ತಾರೆ, ಅದನ್ನು ಬಳಸುವವರು ಇನ್ನೊಂದು ಖಂಡದ ಹಳ್ಳಿಯಲ್ಲಿರುತ್ತಾರೆ, ತೆತ್ತವರ ಕೈಗೆ ಬರುವುದು ರಸೀದಿ ಮಾತ್ರ. ಬಡ ಗ್ರಾಮೀಣ ಕುಟುಂಬಗಳಿಗೆ ಯಾವ ಷರತ್ತೂ ಇಲ್ಲದೆ ನೇರವಾಗಿ ನಗದು ತಲುಪಿಸುವ ಗಿವ್‌ಡೈರೆಕ್ಟ್‌ಲಿ ಎಂಬ ಸಂಸ್ಥೆಯ ಸೇವೆಯನ್ನು ನಾನು ಇಲ್ಲಿ ನೋಡಲು ಹೊರಟಿರುವುದು ರಸೀದಿ ಪಡೆದವರ ಕಡೆಯಿಂದಲ್ಲ, ಹಣ ಪಡೆದವರ ಕಡೆಯಿಂದ. ಆ ಮನೆಗಳ ಜಗಲಿಯಲ್ಲಿ ಕೂತು ಮಾತಾಡಿ ಬಂದವನು ನಾನಲ್ಲ. ಆದರೆ ಈ ಸಂಸ್ಥೆ ತನ್ನ ಕೆಲಸವನ್ನು ಅರ್ಥಶಾಸ್ತ್ರಜ್ಞರ ಪರೀಕ್ಷೆಗೆ ಮೊದಲಿನಿಂದಲೂ ಒಡ್ಡಿಕೊಂಡು ಬಂದಿರುವುದರಿಂದ, ಪ್ರಕಟವಾದ ಅಧ್ಯಯನಗಳನ್ನು ಓದಿಯೇ ಒಂದು ತೀರ್ಮಾನಕ್ಕೆ ಬರಬಹುದು.

ಹಾರ್ವರ್ಡ್ ಮತ್ತು ಎಂಐಟಿಗಳಲ್ಲಿ ಅರ್ಥಶಾಸ್ತ್ರ ಓದುತ್ತಿದ್ದ ಕೆಲವು ಗೆಳೆಯರು ತಮ್ಮ ದೇಣಿಗೆಯನ್ನು ಮಧ್ಯವರ್ತಿಗಳಿಲ್ಲದೆ ಬಡವರಿಗೆ ಕಳಿಸಲು ಮಾಡಿಕೊಂಡ ಏರ್ಪಾಡು 2011ರ ಹೊತ್ತಿಗೆ ಸಾರ್ವಜನಿಕರಿಂದಲೂ ದೇಣಿಗೆ ಪಡೆಯುವ ಸಂಸ್ಥೆಯಾಯಿತು. ಇದು ಸಾಧ್ಯವಾದದ್ದು ಕೀನ್ಯಾದಲ್ಲಿ ಸಫಾರಿಕಾಮ್ ಕಂಪನಿ 2007ರಲ್ಲಿ ಆರಂಭಿಸಿದ್ದ ಎಂ-ಪೆಸಾ ಎಂಬ ಮೊಬೈಲ್ ಹಣ ವ್ಯವಸ್ಥೆಯಿಂದ. ಬ್ಯಾಂಕಿನ ಶಾಖೆಯನ್ನೇ ಕಾಣದ ಊರುಗಳಲ್ಲೂ ಎಂ-ಪೆಸಾ ಏಜೆಂಟರಿದ್ದರು. ಸಂಸ್ಥೆಯ ಸಿಬ್ಬಂದಿ ಹಳ್ಳಿಗೆ ಬಂದು ಮನೆ ಮನೆ ಎಣಿಸುತ್ತಾರೆ, ಅರ್ಹರ ಹೆಸರು ಬರೆದುಕೊಳ್ಳುತ್ತಾರೆ, ಬೇರೊಂದು ತಂಡ ಬಂದು ಬರೆದದ್ದು ನಿಜವೇ ಎಂದು ತಾಳೆ ನೋಡುತ್ತದೆ. ಆಮೇಲೆ ಹಣ ಫೋನಿಗೆ ಬರುತ್ತದೆ. ಅದನ್ನು ಯಾವುದಕ್ಕೆ ಖರ್ಚು ಮಾಡಬೇಕೆಂದು ಯಾರೂ ಹೇಳುವುದಿಲ್ಲ, ಖರ್ಚು ಮಾಡಿದ ಲೆಕ್ಕವನ್ನೂ ಒಪ್ಪಿಸಬೇಕಾಗಿಲ್ಲ. ಬಡವರ ಕೈಗೆ ದುಡ್ಡು ಕೊಟ್ಟರೆ ಕುಡಿದು ಕಳೆಯುತ್ತಾರೆ ಎಂಬ ಹಳೆಯ ಅನುಮಾನವನ್ನು ಇಲ್ಲಿಯೇ ಮುಗಿಸಿಬಿಡುವುದು ಲೇಸು. ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ನಗದು ಪಡೆದ ಕುಟುಂಬಗಳಲ್ಲಿ ಮದ್ಯ, ತಂಬಾಕುಗಳ ಖರ್ಚು ಏರಿದ್ದು ಕಂಡುಬಂದಿಲ್ಲ.

ಹೆಚ್ಚು ವಿಚಾರ ಮಾಡಬೇಕಾದದ್ದು ಹಣ ಬರುವ ಬಗೆಯನ್ನು. ಪಶ್ಚಿಮ ಕೀನ್ಯಾದ ರಾರಿಯೆಡಾ ಎಂಬಲ್ಲಿ 2011ರಿಂದ 2013ರವರೆಗೆ ನಡೆದ ಮೊದಲ ದೊಡ್ಡ ಪರೀಕ್ಷೆಯಲ್ಲಿ ಕೆಲವು ಕುಟುಂಬಗಳಿಗೆ ಇಡಿಗಂಟಾಗಿಯೂ ಕೆಲವಕ್ಕೆ ತಿಂಗಳ ಕಂತುಗಳಾಗಿಯೂ ಹಣ ಸಂದಿತು. ಹಣ ಬರಲು ಶುರುವಾಗಿ ಒಂಬತ್ತು ತಿಂಗಳಾಗುವ ಹೊತ್ತಿಗೆ ಕುಟುಂಬವೊಂದರ ತಿಂಗಳ ಖರ್ಚು, ಬೆಲೆವ್ಯತ್ಯಾಸಕ್ಕೆ ಸರಿಹೊಂದಿಸಿದ ಲೆಕ್ಕದಲ್ಲಿ, 158 ಡಾಲರಿನಿಂದ 193 ಡಾಲರಿಗೆ ಏರಿತ್ತು. ಮನಸ್ಸಿನ ನೆಮ್ಮದಿಯೂ ಹೆಚ್ಚಿತ್ತು. ಆದರೆ ತಿಂಗಳ ಕಂತು ಪಡೆದವರ ಮನೆಯಲ್ಲಿ ಊಟದ ಭದ್ರತೆ ಹೆಚ್ಚು ಸುಧಾರಿಸಿದರೆ, ಇಡಿಗಂಟು ಪಡೆದವರು ಬಹುಕಾಲ ಬಾಳುವ ವಸ್ತುಗಳ ಕಡೆಗೆ ಹೋದರು. ಹುಲ್ಲು ಹೊದಿಸಿದ ಸೂರನ್ನು ತೆಗೆದು ತಗಡು ಹಾಕಿಸುವುದು ಇಂಥ ಕುಟುಂಬಗಳ ಮೊದಲ ಆಸೆಗಳಲ್ಲೊಂದು. ಹುಲ್ಲಿನ ಸೂರು ಅಗ್ಗವೆಂದು ಹೊರಗಿನವರಿಗೆ ಕಾಣುತ್ತದೆಯಾದರೂ ಅದನ್ನು ಮತ್ತೆ ಮತ್ತೆ ಹೊದಿಸಬೇಕು, ಸೋರುವ ಜಾಗ ಮುಚ್ಚಬೇಕು, ಅದಕ್ಕೆ ಹುಲ್ಲನ್ನೂ ಆಳನ್ನೂ ಹುಡುಕಬೇಕು. ತಗಡು ಒಮ್ಮೆ ಹಾಕಿದರೆ ಆ ಖರ್ಚು ವರ್ಷಗಟ್ಟಲೆ ತಪ್ಪುತ್ತದೆ. ಆದರೂ ಇಷ್ಟು ಲಾಭದ ಕೆಲಸವನ್ನು ಅವರು ತಾವಾಗಿ ಮಾಡಿಕೊಳ್ಳಲಾಗಿರಲಿಲ್ಲ. ಕಾರಣ ಜಾಣತನದ ಕೊರತೆಯಲ್ಲ. ಅಷ್ಟು ದೊಡ್ಡ ಮೊತ್ತವನ್ನು ಕೂಡಿಡುವ ಸುರಕ್ಷಿತ ಜಾಗವಾಗಲಿ, ನ್ಯಾಯವಾದ ಬಡ್ಡಿಗೆ ಸಾಲ ಕೊಡುವವರಾಗಲಿ ಅವರಿಗೆ ಇರಲಿಲ್ಲ. ಚೂರು ಚೂರಾಗಿ ಬಂದ ಹಣ ಚೂರು ಚೂರಾಗಿಯೇ ಹೋಗಿಬಿಡುತ್ತದೆ.

ಈ ಅಧ್ಯಯನದ ಇಬ್ಬರು ಕರ್ತೃಗಳಲ್ಲಿ ಒಬ್ಬರಾದ ಜೆರೆಮಿ ಶಪಿರೊ ಸಂಸ್ಥೆಯ ಸ್ಥಾಪಕರಲ್ಲೂ ಒಬ್ಬರು ಎಂಬುದನ್ನು ಓದುಗರು ನೆನಪಿಡಬೇಕು. ಅವರು ಅದನ್ನು ಮುಚ್ಚಿಟ್ಟಿಲ್ಲ. ಅಡುಗೆ ಮಾಡಿದವರೇ ರುಚಿ ನೋಡಿ ಹೇಳಿದರೆ ಕೇಳುವವರು ಸ್ವಲ್ಪ ಎಚ್ಚರದಿಂದಿರುವುದು ಸಹಜ.

2018ರ ಆರಂಭದಲ್ಲಿ ಕೀನ್ಯಾದ 195 ಹಳ್ಳಿಗಳಲ್ಲಿ ಶುರುವಾದ ಇನ್ನೊಂದು ಪರೀಕ್ಷೆ ಇದೇ ಪ್ರಶ್ನೆಯನ್ನು ಮುಂದಕ್ಕೆ ಒಯ್ದಿತು. 44 ಹಳ್ಳಿಗಳ ವಯಸ್ಕರಿಗೆ ದಿನಕ್ಕೆ ಸುಮಾರು 75 ಅಮೆರಿಕನ್ ಸೆಂಟಿನ ಲೆಕ್ಕದಲ್ಲಿ ಹನ್ನೆರಡು ವರ್ಷ ಪ್ರತಿ ತಿಂಗಳೂ ಹಣ ಕೊಡುವುದಾಗಿ ಮಾತು ಕೊಡಲಾಯಿತು. 80 ಹಳ್ಳಿಗಳಿಗೆ ಅದೇ ದರದಲ್ಲಿ ಎರಡು ವರ್ಷ ಮಾತ್ರ. ಉಳಿದ 71 ಹಳ್ಳಿಗಳಿಗೆ ಸುಮಾರು 500 ಡಾಲರಿನ ಇಡಿಗಂಟು. ಮೊದಲೆರಡು ವರ್ಷಗಳಲ್ಲಿ ಮೂರೂ ಬಗೆಯ ಹಳ್ಳಿಗಳ ಕೈಗೆ ಬಂದ ಹಣ ಹೆಚ್ಚುಕಡಿಮೆ ಸಮ. ಆದರೂ ಹೊಸ ಅಂಗಡಿ, ಸಣ್ಣ ವ್ಯಾಪಾರಗಳು ಹೆಚ್ಚಾಗಿ ಹುಟ್ಟಿದ್ದು ಇಡಿಗಂಟು ಪಡೆದ ಹಳ್ಳಿಗಳಲ್ಲಿ ಮತ್ತು ಹನ್ನೆರಡು ವರ್ಷದ ಭರವಸೆ ಪಡೆದ ಹಳ್ಳಿಗಳಲ್ಲಿ. ಎರಡು ವರ್ಷದ ಕಂತಿನವರು ಹಿಂದೆ ಬಿದ್ದರು. ಹನ್ನೆರಡು ವರ್ಷದವರಿಗೂ ಕೈಗೆ ಬರುತ್ತಿದ್ದದ್ದು ಅದೇ ಸಣ್ಣ ಕಂತು ತಾನೇ, ಅವರು ಹೇಗೆ ಬಂಡವಾಳ ಕಟ್ಟಿಕೊಂಡರು? ಅವರು ಚೀಟಿ ಗುಂಪುಗಳನ್ನು ಕಟ್ಟಿಕೊಂಡು, ತಿಂಗಳ ಹಣವನ್ನು ಅದಕ್ಕೆ ಹಾಕಿ, ಸರದಿಯ ಮೇಲೆ ಒಬ್ಬೊಬ್ಬರೂ ದೊಡ್ಡ ಮೊತ್ತವನ್ನು ಎತ್ತಿಕೊಂಡರು. ಮುಂದಿನ ಕಂತು ಬಂದೇ ಬರುತ್ತದೆ ಎಂಬ ನಂಬಿಕೆ ಇದ್ದವರು ಮಾತ್ರ ಧೈರ್ಯವಾಗಿ ಚೀಟಿಗೆ ಸೇರಬಲ್ಲರು. ನನ್ನ ಮಟ್ಟಿಗೆ ಈ ಸೇವೆಯ ಬಗ್ಗೆ ತಿಳಿದ ಸಂಗತಿಗಳಲ್ಲೆಲ್ಲ ಇದೇ ಹೆಚ್ಚು ಬೆಲೆಯುಳ್ಳದ್ದು. ಕಂತು ಪಡೆದವರಿಗೆ ಗಂಟು ಬೇಕಾಗಿತ್ತು, ಅವರು ಅದನ್ನು ತಾವೇ ಮಾಡಿಕೊಂಡರು. ಅಂದ ಹಾಗೆ, ಪುಕ್ಕಟೆ ಹಣ ಬಂದಿತೆಂದು ಜನ ದುಡಿಮೆ ಬಿಡಲಿಲ್ಲ. ಕೂಲಿ ಬಿಟ್ಟು ಸ್ವಂತ ಕೆಲಸಕ್ಕೆ ಹೊರಳಿದವರಿದ್ದರು.

ನೆರೆಮನೆಯ ಪ್ರಶ್ನೆ ಇದಕ್ಕಿಂತ ತೊಡಕಿನದು. ಆರಂಭದಲ್ಲಿ ಅರ್ಹತೆಯ ಗುರುತು ಹುಲ್ಲಿನ ಸೂರೇ ಆಗಿತ್ತು. ತಗಡಿನ ಸೂರಿದ್ದವರು, ಮನೆಯೊಳಗೆ ಎಷ್ಟೇ ಬಡತನವಿರಲಿ, ಪಟ್ಟಿಯಿಂದ ಹೊರಗೆ. ಹೀಗೆ ಕಣ್ಣಿಗೆ ಕಾಣುವ ಗುರುತಿಟ್ಟರೆ ಪರೀಕ್ಷಿಸುವುದು ಸುಲಭ, ಮೋಸ ಮಾಡುವುದೂ ಸುಲಭ. ಬೇಲಿಯಾಚೆಯವರ ಅಸಮಾಧಾನವಂತೂ ತಪ್ಪುವುದಿಲ್ಲ. ಸಂಸ್ಥೆ ಮುಂದೆ ಅನೇಕ ಕಡೆ ಇಡೀ ಹಳ್ಳಿಗೆ ಕೊಡುವ ಕ್ರಮಕ್ಕೆ ಬಂದದ್ದು ಸರಿಯಾದ ತಿದ್ದುಪಡಿ. ರಾರಿಯೆಡಾದ ಕುಟುಂಬಗಳನ್ನು ಮೂರು ವರ್ಷಗಳ ಬಳಿಕ ಮತ್ತೆ ನೋಡಿದಾಗ, ಹಣ ಸಿಗದ ನೆರೆಯವರು ಕೊಂಚ ಬಡವಾದರೇನೋ ಎಂಬ ಶಂಕೆ ಎದ್ದಿತ್ತು. ಸಿಯಾಯಾ ಪ್ರಾಂತದ 653 ಹಳ್ಳಿಗಳಲ್ಲಿ, 10,500ಕ್ಕೂ ಹೆಚ್ಚು ಕುಟುಂಬಗಳಿಗೆ ಸುಮಾರು 1,000 ಡಾಲರಿನಂತೆ ಕೊಟ್ಟು ನಡೆಸಿದ, 2022ರಲ್ಲಿ ಪ್ರಕಟವಾದ ಅಧ್ಯಯನ ಆ ಶಂಕೆಯನ್ನು ಬಹುಮಟ್ಟಿಗೆ ಹೋಗಲಾಡಿಸಿತು. ಕೊಟ್ಟ ಒಂದೊಂದು ಡಾಲರೂ ಕೈಯಿಂದ ಕೈಗೆ ಸಾಗುತ್ತ ಸ್ಥಳೀಯ ಆರ್ಥಿಕತೆಯನ್ನು ಸುಮಾರು ಎರಡೂವರೆ ಡಾಲರಿನಷ್ಟು ಬೆಳೆಸಿತ್ತು, ಹಣ ಸಿಗದ ಮನೆಗಳ ಖರ್ಚೂ ಏರಿತ್ತು, ಬೆಲೆಗಳು ಸರಾಸರಿ ಶೇಕಡ 0.1ರಷ್ಟು ಮಾತ್ರ ಹೆಚ್ಚಿದ್ದವು. ಗಿರಾಕಿ ಇಲ್ಲದೆ ಅರ್ಧ ಹೊತ್ತು ಸುಮ್ಮನೆ ಕೂರುತ್ತಿದ್ದ ಅಂಗಡಿಗಳೂ ಗಿರಣಿಗಳೂ ಇದ್ದಲ್ಲಿ ಬೇಡಿಕೆ ಹೆಚ್ಚಿದರೂ ಬೆಲೆ ಏರಬೇಕಾಗಿಲ್ಲ.

ಅದೇ ಹಳ್ಳಿಗಳ ಒಂದು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ವಿವರ ಕಲೆಹಾಕಿ 2025ರಲ್ಲಿ ಹೊರತಂದ ವರದಿ ಇನ್ನೂ ಗಂಭೀರವಾದ ಸಂಗತಿಯನ್ನು ಹೇಳುತ್ತದೆ. ಹಣ ಪಡೆದ ಮನೆಗಳಲ್ಲಿ ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುವ ಕೂಸುಗಳ ಪ್ರಮಾಣ ಶೇಕಡ 48ರಷ್ಟು ಇಳಿದಿತ್ತು. ಗರ್ಭಿಣಿಯರು ಹೆರಿಗೆಯ ಹಿಂದುಮುಂದಿನ ತಿಂಗಳುಗಳಲ್ಲಿ ದುಡಿಮೆ ಅರ್ಧ ತಗ್ಗಿಸಿದ್ದರು, ಆಸ್ಪತ್ರೆಯ ಹೆರಿಗೆಗಳು ಹೆಚ್ಚಿದ್ದವು. ಆದರೆ ಇದರ ಬಹುಪಾಲು ಫಲ ಸಿಕ್ಕಿದ್ದು ವೈದ್ಯರಿರುವ ಆಸ್ಪತ್ರೆ ಹತ್ತಿರವಿದ್ದವರಿಗೆ ಮತ್ತು ಹೆರಿಗೆಯ ಆಸುಪಾಸಿನಲ್ಲಿ ಹಣ ಕೈಸೇರಿದವರಿಗೆ. ಹಣವಿದ್ದರೂ ಹೋಗಲು ಆಸ್ಪತ್ರೆಯಿಲ್ಲದವಳಿಗೆ ಈ ಸೇವೆ ಅರ್ಧ ಸೇವೆಯಷ್ಟೇ.

ಕೊರತೆಗಳಲ್ಲಿ ಮೊದಲನೆಯದು ಮೊತ್ತದ್ದು. ರುವಾಂಡಾದಲ್ಲಿ ಪೌಷ್ಟಿಕತೆಯ ಕಾರ್ಯಕ್ರಮವೊಂದಕ್ಕೆ ಮನೆಯೊಂದಕ್ಕೆ ತಗಲುವ ಸುಮಾರು 142 ಡಾಲರಿನ ವೆಚ್ಚದಲ್ಲೇ ಈ ಸಂಸ್ಥೆಯಿಂದ ನಗದು ಕೊಡಿಸಿ ಹೋಲಿಸಿದಾಗ, ಒಂದು ವರ್ಷದಲ್ಲಿ ಎರಡರಿಂದಲೂ ಮಕ್ಕಳ ಬೆಳವಣಿಗೆ ಬದಲಾಗಲಿಲ್ಲ. ನಗದು ಪಡೆದವರು ಮುಖ್ಯವಾಗಿ ಸಾಲ ತೀರಿಸಿದರು. 500 ಡಾಲರಿಗೂ ಮೇಲ್ಪಟ್ಟ ಮೊತ್ತ ಕೊಟ್ಟಾಗ ಮಾತ್ರ ಊಟದ ಬಗೆ ಬದಲಾಯಿತು. ಎರಡನೆಯದು ನಂಬಿಕೆಯದು. 2015ರಲ್ಲಿ ಕೀನ್ಯಾದ ಹೋಮಾ ಬೇ ಪ್ರಾಂತದಲ್ಲಿ ಸುಮಾರು ಶೇಕಡ 45ರಷ್ಟು ಜನ ಹಣವೇ ಬೇಡವೆಂದರು. ಸುಮ್ಮನೆ ಯಾರೂ ಕೊಡುವುದಿಲ್ಲ, ಇದು ಸೈತಾನನ ದುಡ್ಡು ಎಂಬ ವದಂತಿ ಹಬ್ಬಿತ್ತು. ಹೊರಗಿನವರು ಬಂದು, ಮಾತು ಕೊಟ್ಟು, ಏನೂ ಮಾಡದೆ ಹೋಗುವುದನ್ನು ಕಂಡವರು ಹಾಗೆ ಯೋಚಿಸಿದ್ದನ್ನು ಮೌಢ್ಯವೆಂದು ತಳ್ಳಿಹಾಕಲು ನನಗೆ ಮನಸ್ಸಾಗದು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಮತ್ತು ಅದನ್ನು ಬಯಲಿಗಿಟ್ಟದ್ದು ಸಂಸ್ಥೆಯೇ. ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಲ್ಲಿ 2022ರಲ್ಲಿ ಸುಮಾರು ಒಂಬತ್ತು ಲಕ್ಷ ಡಾಲರ್ ಕುಟುಂಬಗಳನ್ನು ಮುಟ್ಟದೆ ಕಳುವಾಯಿತು. ಒಳಗಿನ ಸಿಬ್ಬಂದಿಯೇ ಅದರಲ್ಲಿ ಭಾಗಿಗಳಾಗಿದ್ದರು. ಅಲ್ಲಿನ ಅಶಾಂತಿಯ ಕಾರಣಕ್ಕೆ ಸಿಮ್ ಕಾರ್ಡ್ ನೋಂದಣಿಯ ಕೆಲಸವನ್ನು ಸಿಬ್ಬಂದಿಯ ಕೈಗೇ ಬಿಡಲಾಗಿತ್ತು, ಹಣದ ಬೀಗದ ಕೈ ಅಲ್ಲಿಯೇ ಇತ್ತು. ಹಣ ಬಂದಿಲ್ಲವೆಂದು ದೂರಲು ಫೋನೇ ದಾರಿಯಾಗಿದ್ದ ವ್ಯವಸ್ಥೆಯಲ್ಲಿ, ಸಿಮ್ ಕಾರ್ಡನ್ನೇ ಕಳೆದುಕೊಂಡ ಕುಟುಂಬ ಯಾರಿಗೆ ದೂರಬೇಕು?

ಇಷ್ಟಾದರೂ ದೇಣಿಗೆ ಕೊಡುವವರು ಕೇಳಿದರೆ ಈ ಸೇವೆಯನ್ನು ನಾನು ಒಪ್ಪುತ್ತೇನೆ, ಒಂದು ಬೇಡಿಕೆಯನ್ನು ಸೇರಿಸಿ. ಈ ಪರೀಕ್ಷೆಗಳಲ್ಲಿ ಯಾವ ಮನೆಗೆ ಗಂಟು, ಯಾವ ಮನೆಗೆ ಕಂತು ಎಂಬುದನ್ನು ಅಧ್ಯಯನದ ಅಗತ್ಯಕ್ಕೆ ತಕ್ಕಂತೆ ಹೊರಗಿನವರು ಗೊತ್ತುಮಾಡಿದ್ದರು. ಪರೀಕ್ಷೆಗೆ ಅದು ಬೇಕಾಗಿತ್ತು, ನಿತ್ಯದ ಸೇವೆಗೆ ಬೇಕಿಲ್ಲ. ಹೆಸರು ಬರೆದುಕೊಳ್ಳುವ ದಿನವೇ ನಿಮಗೆ ಹಣ ಯಾವಾಗ ಬೇಕು, ಒಟ್ಟಿಗೋ ತಿಂಗಳಿಗಿಷ್ಟೋ ಎಂದು ಮನೆಯವರನ್ನು ಕೇಳಿ ಬರೆದುಕೊಳ್ಳಲು ಅರ್ಜಿಯಲ್ಲಿ ಒಂದು ಸಾಲು ಹೆಚ್ಚು ಸಾಕು.